ಕಿತಾಬು ಮತ್ತು ತಾಲೀಮು



ನಿಡಸೋಸಿ, ಸಂಕೇಶ್ವರ, ಹುಕ್ಕೇರಿ, ಗೋಕಾಕ ಭಾಗದ ಹಳ್ಳಿಗಳಲ್ಲಿ ಪೈಲ್ವಾನರು ಸಾಧನೆ ಮಾಡುವ ಜಾಗಕ್ಕೆ ‘ತಾಲೀಮು’ ಎನ್ನುತ್ತಾರೆ. ಉರ್ದುವಿನಲ್ಲಿ ಅದೇ ಶಬ್ದಕ್ಕೆ ಶಿಕ್ಷಣ ಎಂದು ಅರ್ಥ. ಅದು ‘ಇಲ್ಮ್’ ಎಂಬ ಅರಬ್ಬಿ ಬೇರಿನಿಂದ ಬಂದದ್ದು. ಪೈಲ್ವಾನ್, ಕುಸ್ತಿ ಎಂಬ ಮಾತುಗಳು ಫಾರ್ಸಿಯವು. ನಾವು ‘ವಸ್ತಾದ’ ಎಂದು ಕರೆಯುವವರು ‘ಉಸ್ತಾದ್’ ಅಲ್ಲದೆ ಬೇರೆ ಯಾರೂ ಅಲ್ಲ. ಅಂದರೆ ನಮ್ಮ ಹಿರಿಯರ ಕಣ್ಣಿನಲ್ಲಿ ಕೆಂಪು ಮಣ್ಣಿನ ಗರಡಿಯೂ ಒಂದು ಮದರಸಾ ಆಗಿತ್ತು.

ಇಂದು ಅನೇಕ ಹುಡುಗರು ಚಿತ್ರಗಳಿರುವ ಪುಸ್ತಕ ಇಲ್ಲವೆ ಮೊಬೈಲ್ ನೋಡಿ ಕರಾಟೆ, ಕುಸ್ತಿಯ ಪಟ್ಟುಗಳನ್ನು ತಾವೇ ಕಲಿಯಲು ಹೊರಡುತ್ತಾರೆ. ಇದು ಸಾಧ್ಯವೇ? ಈ ಪ್ರಶ್ನೆಗೆ ನಮ್ಮ ನಾಡಿನ ಇತಿಹಾಸವೇ ಉತ್ತರ ಕೊಡುತ್ತದೆ.

ಮಲ್ಲವಿದ್ಯೆಯನ್ನು ಗ್ರಂಥದಲ್ಲಿ ಬರೆದಿಡುವ ಪದ್ಧತಿ ನಮ್ಮಲ್ಲಿ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮಲ್ಲವಿನೋದ’ ಎಂಬ ಭಾಗವೇ ಇದೆ. ಮಲ್ಲರ ದರ್ಜೆಗಳು, ಅವರ ಆಹಾರ, ವ್ಯಾಯಾಮ, ಕಾಳಗದ ಅಂಗಳ ಇವೆಲ್ಲದರ ವಿವರ ಅಲ್ಲಿದೆ. ಆದರೆ ಗಮನಿಸಿರಿ: ಅದು ಮಲ್ಲರನ್ನು ಸಾಕಿ, ಪರೀಕ್ಷಿಸಿ, ಆಟ ಆಡಿಸುವ ಅರಸನಿಗಾಗಿ ಬರೆದದ್ದು. ಓದಿದವರೆಲ್ಲ ಮಲ್ಲರಾಗಲಿ ಎಂದು ಬರೆದದ್ದಲ್ಲ.

ಮುಂದೆ ವಿಜಯಪುರದಲ್ಲಿ ಒಂದನೇ ಅಲಿ ಆದಿಲ್ ಶಾಹನ ಕಾಲದಲ್ಲಿ, 1570ರಲ್ಲಿ, ‘ನುಜೂಮುಲ್ ಉಲೂಮ್’ ಎಂಬ ಸಚಿತ್ರ ಫಾರ್ಸಿ ಗ್ರಂಥ ಸಿದ್ಧವಾಯಿತು. ಗ್ರಹ ನಕ್ಷತ್ರಗಳ ಜೊತೆಗೆ ಆನೆ, ಕುದುರೆ, ಆಯುಧಗಳ ವಿಷಯವೂ ಅದರಲ್ಲಿದೆ. ಈ ಹಸ್ತಪ್ರತಿ ಈಗ ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಅದೇ ವಿಜಯಪುರದ ಆಶ್ರಯದಲ್ಲಿ 17ನೇ ಶತಮಾನದ ಆರಂಭದಲ್ಲಿ ಇತಿಹಾಸ ಬರೆದ ಫೆರಿಸ್ತಾನ ಒಂದು ಆಕ್ಷೇಪ ನಾವು ಕೇಳಬೇಕಾದದ್ದು. ಅಹ್ಮದನಗರದಲ್ಲಿ ಅಹ್ಮದ್ ನಿಜಾಮ್ ಶಾಹನ ಕಾಲದಲ್ಲಿ ಕತ್ತಿವರಸೆಯ ಹುಚ್ಚು ಎಷ್ಟು ಹೆಚ್ಚಿತೆಂದರೆ, ವಿದ್ಯಾಶಾಲೆಗಳು ಇರಬೇಕಾದ ಕಡೆ ಕತ್ತಿವರಸೆಯ ಶಾಲೆಗಳೇ ಎದ್ದವು, ಯುವಕರ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ ಎಂದು ಅವನು ಬರೆಯುತ್ತಾನೆ. ಕಿತಾಬನ್ನು ಬಿಟ್ಟ ತಾಲೀಮು ಎತ್ತ ಸಾಗುತ್ತದೆ ಎಂಬುದಕ್ಕೆ ಇದೊಂದು ಎಚ್ಚರಿಕೆ.

ಟೀಪು ಸುಲ್ತಾನ್ ಈ ಎರಡನ್ನೂ ಒಂದುಗೂಡಿಸಲು ಯತ್ನಿಸಿದ. ಅವನ ಆಜ್ಞೆಯಂತೆ ಜೈನುಲ್ ಆಬಿದೀನ್ ಶುಸ್ತರಿ ‘ಫತ್‌ಹುಲ್ ಮುಜಾಹಿದೀನ್’ ಎಂಬ ಫಾರ್ಸಿ ಸೈನಿಕ ಕೈಪಿಡಿಯನ್ನು ರಚಿಸಿದ. ಕವಾಯತಿನ ಕ್ರಮ, ಆಜ್ಞಾವಾಕ್ಯಗಳು, ಸೈನ್ಯದ ಶಿಸ್ತು ಅದರಲ್ಲಿ ಬಂದಿವೆ. ಪ್ರತಿ ‘ಕುಶೂನ್’ ಎಂಬ ದಳಕ್ಕೆ 200 ಮಂದಿ ರಾಕೆಟ್ ಸಿಪಾಯಿಗಳೆಂದು ಗೊತ್ತುಮಾಡಲಾಗಿತ್ತು. ಸಾವಿರಾರು ಸಿಪಾಯಿಗಳು ಒಂದೇ ಆಜ್ಞೆಗೆ ಒಂದೇ ಹೆಜ್ಜೆ ಹಾಕಬೇಕಾದರೆ ಬರೆದ ಪುಸ್ತಕ ಬೇಕೇ ಬೇಕು. ಒಬ್ಬ ಉಸ್ತಾದನ ನೆನಪು ಅವನೊಂದಿಗೆ ಹೋಗಿಬಿಡುತ್ತದೆ, ಪುಸ್ತಕ ಉಳಿಯುತ್ತದೆ. ಆದರೂ ಸಿಪಾಯಿ ಕಲಿತದ್ದು ಪುಟಗಳ ಮೇಲಲ್ಲ, ಕವಾಯತು ಮೈದಾನದಲ್ಲಿ.

ಹಾಗಾದರೆ ಓದಿ ಕಲಿತವರು ಯಾರೂ ಇಲ್ಲವೇ? ಇದ್ದಾರೆ. ಬೆಂಗಳೂರಿನ ಕೆ.ವಿ. ಅಯ್ಯರ್ (1897-1980) ಅವರನ್ನು ‘ಶಾಂತಲಾ’ ಕಾದಂಬರಿಯ ಲೇಖಕರೆಂದು ನೀವು ಬಲ್ಲಿರಿ. ಅವರು ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದವರು. ‘ಮಸಲ್ ಕಲ್ಟ್’, ‘ಸೂರ್ಯ ನಮಸ್ಕಾರ್’ ಮುಂತಾದ ಇಂಗ್ಲಿಷ್ ಪುಸ್ತಕಗಳನ್ನು ಬರೆದರಲ್ಲದೆ ಅಂಚೆಯ ಮೂಲಕವೂ ಅಂಗಸಾಧನೆಯ ಪಾಠ ಕಳಿಸಿದರು. ದೂರದ ಊರಿನ ಯುವಕ ಮನೆಯಲ್ಲೇ ಕುಳಿತು ಅದನ್ನು ಓದಿ ಸಾಧನೆ ಮಾಡಬಹುದಿತ್ತು. ಏಕೆಂದರೆ ದಂಡ, ಬೈಠಕ್ ಹೊಡೆಯಲು ಎದುರಾಳಿ ಬೇಕಿಲ್ಲ. ನಿಮ್ಮ ಮೈಯೇ ನಿಮಗೆ ಲೆಕ್ಕ ಕೊಡುತ್ತದೆ.

ಆದರೆ ಪಟ್ಟು ಹಾಕಲು ಇನ್ನೊಬ್ಬ ಬೇಕು. ಕಾಲು ಎಲ್ಲಿಡಬೇಕು ಎಂಬುದನ್ನು ಪುಸ್ತಕ ಹೇಳೀತು. ಯಾವ ಗಳಿಗೆಯಲ್ಲಿ ಇಡಬೇಕು ಎಂಬುದನ್ನು ಎದುರಾಳಿಯ ಭಾರ ಹೇಳಬೇಕು. ನೀವು ತಪ್ಪು ಹಿಡಿದರೆ ಚಿತ್ರ ಸುಮ್ಮನಿರುತ್ತದೆ, ವಸ್ತಾದ ಸುಮ್ಮನಿರುವುದಿಲ್ಲ. ಬೀಳುವುದನ್ನು ಕಲಿಸದೆ ಕೆಡವುವುದನ್ನು ಅವರು ಕಲಿಸುವುದಿಲ್ಲ. ಕತ್ತು, ಮೊಣಕಾಲು ಉಳಿಯುವುದು ಇದರಿಂದಲೇ.

ಕರಾಟೆಯ ಕಥೆಯೂ ಇದೇ. ಗಿಚಿನ್ ಫುನಾಕೋಶಿ ಓಕಿನಾವಾ ದ್ವೀಪದ ಒಬ್ಬ ಶಾಲಾ ಶಿಕ್ಷಕ. 1922ರಲ್ಲಿ ಟೋಕಿಯೊಗೆ ಹೋಗಿ ಆ ವಿದ್ಯೆಯನ್ನು ಪ್ರದರ್ಶಿಸಿದರು, ಅದೇ ವರ್ಷ ಅದರ ಬಗ್ಗೆ ಪುಸ್ತಕವನ್ನೂ ಪ್ರಕಟಿಸಿದರು. ಆದರೆ ಪುಸ್ತಕ ಬರೆದ ಈ ಶಿಕ್ಷಕರು ಕಲಿತದ್ದು ಅಜಾತೊ, ಇತೋಸು ಎಂಬ ಇಬ್ಬರು ಗುರುಗಳ ಮುಂದೆ ವರ್ಷಗಟ್ಟಲೆ ಅಭ್ಯಾಸ ಮಾಡಿ.

ನಮ್ಮ ಪಕ್ಕದ ಕೊಲ್ಹಾಪುರವನ್ನು ನೋಡಿರಿ. ಶಾಹು ಮಹಾರಾಜರು 1912ರಲ್ಲಿ ಸಿದ್ಧವಾದ ಖಾಸಬಾಗ್ ಕುಸ್ತಿ ಮೈದಾನ ಕಟ್ಟಿಸಿದರು. ಬಡ ಮುಸ್ಲಿಂ ವಿದ್ಯಾರ್ಥಿಗಳ ಬೋರ್ಡಿಂಗಿಗೂ ನೆರವಾದರು. ಒಂದೇ ಕೈ ಪೈಲ್ವಾನನನ್ನೂ ವಿದ್ಯಾರ್ಥಿಯನ್ನೂ ಪೋಷಿಸಿತು.

ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ಪುಸ್ತಕ ಓದಿರಿ, ವ್ಯಾಯಾಮದ ನಿಯಮ ತಿಳಿಯಿರಿ, ಕಲೆಯ ಇತಿಹಾಸ ಅರಿಯಿರಿ. ಪಟ್ಟು ಕಲಿಯಬೇಕೆಂದಾಗ ಮಾತ್ರ ಊರಿನ ವಸ್ತಾದರ ಬಳಿ ಹೋಗಿರಿ. ಸಹೋದರಿಯರೇ, ಶಾಲೆಯಲ್ಲಿ ಆತ್ಮರಕ್ಷಣೆಯ ತರಬೇತಿ ನಡೆದಾಗ ಹಿಂದೆ ಸರಿಯಬೇಡಿರಿ. ಹಿರಿಯರಲ್ಲಿ ನನ್ನದೊಂದು ವಿನಂತಿ: ಅನೇಕ ಹಳ್ಳಿಗಳಲ್ಲಿ ಗರಡಿಯ ಬಾಗಿಲಿಗೆ ಬೀಗ ಬಿದ್ದಿದೆ. ಹಳೆಯ ವಸ್ತಾದರು ಬಲ್ಲದ್ದನ್ನು ಅವರಿರುವಾಗಲೇ ಬರೆಸಿ ಇಡಿರಿ, ನಾಲ್ಕು ಮಕ್ಕಳನ್ನು ಅವರ ಮುಂದೆ ನಿಲ್ಲಿಸಿರಿ. ಬರೆದದ್ದು ಮೊಮ್ಮಕ್ಕಳಿಗೆ ಕಿತಾಬಾದೀತು, ನಿಂತ ಮಕ್ಕಳಿಗೆ ಈಗಲೇ ತಾಲೀಮು ಸಿಕ್ಕೀತು.