ಹಿಮ್ಮಡಿಯ ನೋವೂ ಆಘಾತ ತರಂಗ ಚಿಕಿತ್ಸೆಯೂ

ಶಬ್ದವನ್ನು ಮೀರಿದ ವೇಗದಲ್ಲಿ ಹಾರುವ ವಿಮಾನದ ಮೈಗೆ ಮಳೆಹನಿಯೊಂದು ಅಪ್ಪಳಿಸಿದರೆ ಲೋಹದೊಳಗೆ ಏನು ಸಂಭವಿಸುವುದೆಂಬ ವಿಚಾರಣೆಯಲ್ಲಿ 1960ರ ದಶಕದ ಜರ್ಮನಿಯ ಡಾರ್ನಿಯರ್ ಸಂಸ್ಥೆಯ ತಂತ್ರಜ್ಞರು ಪ್ರವೃತ್ತರಾಗಿದ್ದರು; ಮುಂಜಾನೆ ಹಾಸಿಗೆಯಿಂದಿಳಿದು ಮೊದಲ ಹೆಜ್ಜೆಯೂರುವಾಗಲೇ ಹಿಮ್ಮಡಿಯಲ್ಲಿ ಮೊಳೆ ನೆಟ್ಟಂತೆ ನರಳುವ ರೋಗಿಗೆ ಇಂದು ವೈದ್ಯರು ಸೂಚಿಸುವ ಆಘಾತ ತರಂಗ ಚಿಕಿತ್ಸೆಯು ಆ ವಿಚಾರಣೆಯಿಂದಲೇ ಹುಟ್ಟಿತು. ಆ ಪ್ರಯೋಗಗಳಲ್ಲಿ ವೇಗದ ಗುಂಡು ಗುರಿಯ ಫಲಕಕ್ಕೆ ತಾಗಿದ ಕ್ಷಣದಲ್ಲಿ ಅದನ್ನು ಮುಟ್ಟಿದ್ದ ಕೆಲಸಗಾರನೊಬ್ಬನಿಗೆ ವಿದ್ಯುತ್ ಹೊಡೆದಂತಾಯಿತೆಂದೂ, ಅಳೆದು ನೋಡಲಾಗಿ ಅಲ್ಲಿ ವಿದ್ಯುತ್ತಿನ ಸುಳಿವೇ ಇರಲಿಲ್ಲವೆಂದೂ ಈ ಶಾಸ್ತ್ರದ ಚರಿತ್ರಕಾರರು ಹೇಳುವುದುಂಟು.

ಲೋಹದಿಂದ ಕೈಗೆ ದಾಟಿದ ಆ ಅಲೆಯನ್ನು ಬುದ್ಧಿಪೂರ್ವಕವಾಗಿ ದೇಹದೊಳಕ್ಕೆ ಕಳುಹಿಸಿ, ಚರ್ಮವನ್ನು ಕೊಯ್ಯದೆ ಮೂತ್ರಪಿಂಡದ ಕಲ್ಲನ್ನು ಪುಡಿಮಾಡಬಹುದೆಂಬುದನ್ನು ಕ್ರಿಸ್ಟಿಯನ್ ಶೌಸಿಯವರೂ ಅವರ ಸಹೋದ್ಯೋಗಿಗಳೂ 1980ರ ಫೆಬ್ರವರಿ 7ರಂದು ಮ್ಯೂನಿಕ್ ನಗರದಲ್ಲಿ ಸಾಧಿಸಿ ತೋರಿದರು. ಒಡೆಯುವುದಕ್ಕೆಂದು ಹುಟ್ಟಿದ ಈ ಉಪಕರಣವು ಕೂಡಿಸುವುದಕ್ಕೂ ಒದಗೀತೆಂಬ ಸಂಗತಿ ಬೆಳಕಿಗೆ ಬಂದ ಬಗೆಯೇ ಈ ವೃತ್ತಾಂತದ ಅತ್ಯಂತ ಮನೋಹರವಾದ ಭಾಗವೆಂದು ನಾನು ಬಗೆಯುತ್ತೇನೆ: ಮೂತ್ರನಾಳದ ಕೆಳಭಾಗಕ್ಕೆ ಅಲೆಗಳನ್ನು ಹಾಯಿಸುವಾಗ ಸೊಂಟದೆಲುಬಿಗೆ ಹಾನಿಯಾದೀತೇ ಎಂಬ ಶಂಕೆಯಿಂದ ಪರೀಕ್ಷಿಸಿ ನೋಡಿದವರಿಗೆ, ಹಾನಿಗೆ ಬದಲಾಗಿ ಎಲುಬನ್ನು ಕಟ್ಟುವ ಜೀವಕೋಶಗಳು ಚುರುಕುಗೊಂಡಿರುವುದು ಗೋಚರವಾಯಿತು. ಕೂಡದೆ ಉಳಿದ ಮೂಳೆಮುರಿತಗಳಿಗೆ ಈ ಅಲೆಗಳನ್ನು ಪ್ರಯೋಗಿಸಿದ ವರದಿಯನ್ನು ಬಲ್ಗೇರಿಯದ ವಾಲ್ಚನೋವ್ ಮತ್ತು ಮಿಖಾಯ್ಲೋವ್ 1991ರಲ್ಲಿ ಪ್ರಕಟಿಸಿದರು. ಆ ದಶಕದಲ್ಲಿಯೇ ಭುಜದ ಸ್ನಾಯುರಜ್ಜುವಿನಲ್ಲಿ ಸುಣ್ಣದಂಶ ಕಟ್ಟಿದವರಿಗೂ, ಮೊಣಕೈ ನೋವಿನವರಿಗೂ, ಹಿಮ್ಮಡಿ ನೋವಿನವರಿಗೂ ಜರ್ಮನಿಯಲ್ಲಿ ಚಿಕಿತ್ಸೆ ಆರಂಭವಾಯಿತು. 2000ದಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಹಿಮ್ಮಡಿ ನೋವಿಗಾಗಿ ಇಂಥದೊಂದು ಯಂತ್ರಕ್ಕೆ ಅನುಮತಿಯಿತ್ತಿತು.

ಯಂತ್ರಗಳಲ್ಲಿ ಎರಡು ಬಗೆ. ಒಂದು, ಅಲೆಗಳನ್ನು ದೇಹದೊಳಗಿನ ಒಂದು ಬಿಂದುವಿನಲ್ಲಿ ಕೇಂದ್ರೀಕರಿಸುವಂಥದು. ಇನ್ನೊಂದು, ಒತ್ತಿದ ಗಾಳಿಯ ಬಲದಿಂದ ಸಣ್ಣ ಲೋಹದ ತುಂಡನ್ನು ಚಿಮ್ಮಿಸಿ, ಚರ್ಮದ ಮೇಲೆ ಅತ್ಯಧಿಕವಾಗಿದ್ದು ಒಳಹೋದಂತೆ ಕ್ಷೀಣಿಸುವ ಒತ್ತಡವನ್ನು ಹಬ್ಬಿಸುವಂಥದು. ಭೌತಶಾಸ್ತ್ರದ ಕಟ್ಟುನಿಟ್ಟಿನಿಂದ ನೋಡಿದರೆ ಎರಡನೆಯದು ಆಘಾತ ತರಂಗವೇ ಅಲ್ಲ, ಒತ್ತಡದ ಅಲೆ. ಆದರೂ ಎರಡನ್ನೂ ಒಂದೇ ಹೆಸರಿನಿಂದ ಕರೆದು ಫಲಿತಾಂಶಗಳನ್ನು ಬೆರೆಸಿದುದರಿಂದ ಗೊಂದಲವು ಬಹುವಾಗಿ ಬೆಳೆಯಿತು.

ಆರಂಭದ ಉತ್ಸಾಹಕ್ಕೆ ತಡೆಯೊಡ್ಡಿದ ಪರೀಕ್ಷೆಗಳನ್ನು ಕುರಿತು ಇಲ್ಲಿ ಸಾವಧಾನವಾಗಿ ಹೇಳತಕ್ಕುದಿದೆ. ಆಸ್ಟ್ರೇಲಿಯದ ಬುಕ್‌ಬೈಂಡರ್ ಮತ್ತು ಸಂಗಡಿಗರು 166 ರೋಗಿಗಳಲ್ಲಿ ನಿಜವಾದ ಚಿಕಿತ್ಸೆಯನ್ನೂ ತೋರಿಕೆಯ ಚಿಕಿತ್ಸೆಯನ್ನೂ ಹೋಲಿಸಿ, ಎರಡಕ್ಕೂ ಅಂತರವಿಲ್ಲವೆಂದು 2002ರಲ್ಲಿ ಸಾರಿದರು. ಮರುವರ್ಷ ಜರ್ಮನಿಯ ಹಾಕೆಯವರ ತಂಡವು 272 ರೋಗಿಗಳನ್ನು ಪರೀಕ್ಷಿಸಿ, ಗುಣಕಂಡವರು ನಿಜವಾದ ಚಿಕಿತ್ಸೆಯ ಪಕ್ಷದಲ್ಲಿ ಶೇ. 34, ತೋರಿಕೆಯ ಚಿಕಿತ್ಸೆಯ ಪಕ್ಷದಲ್ಲಿ ಶೇ. 30 ಎಂದು ತಿಳಿಸಿತು. ಈ ನಿರಾಶೆಯು ಶಾಸ್ತ್ರಕ್ಕೆ ಉಪಕಾರವನ್ನೇ ಮಾಡಿತೆಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಅನಂತರವೇ, ಆರು ವಾರಗಳ ನೋವಿನವರನ್ನೂ ಬಹುಕಾಲದ ನೋವಿನವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬಹುದೇ, ಜಾಗವನ್ನು ಮರಗಟ್ಟಿಸಿ ಅಲೆ ಹಾಯಿಸಿದರೆ ಗುಣವು ಕುಂದುವುದೇ, ಅಲೆಯ ಶಕ್ತಿಯ ಪ್ರಮಾಣವೆಷ್ಟಿರಬೇಕು ಎಂಬ ಪ್ರಶ್ನೆಗಳನ್ನು ಸಂಶೋಧಕರು ಗಂಭೀರವಾಗಿ ಕೈಗೆತ್ತಿಕೊಂಡರು. ಮರಗಟ್ಟಿಸಿದಾಗ ಫಲವು ಕಡಮೆಯೆಂಬುದನ್ನು ಮೈನ್ಜ್ ನಗರದ ರೋಂಪೆ ಮತ್ತು ಸಂಗಡಿಗರು 2005ರಲ್ಲಿ ತೋರಿದರು. 2008ರಲ್ಲಿ ಗೆರ್ಡೆಸ್ಮೇಯರ್ ಅವರ ತಂಡವು ಹಬ್ಬುವ ಅಲೆಯ ಯಂತ್ರದಿಂದ ಮೂರು ಸರದಿಗಳಲ್ಲಿ, ಸರದಿಗೆ 2000 ಬಡಿತದಂತೆ, ಮರಗಟ್ಟಿಸದೆಯೇ ಚಿಕಿತ್ಸೆಯಿತ್ತಾಗ ಹನ್ನೆರಡು ವಾರಗಳ ಅನಂತರ ನೋವು ಶೇ. 72.1ರಷ್ಟು ಇಳಿದಿತ್ತು, ತೋರಿಕೆಯ ಚಿಕಿತ್ಸೆ ಪಡೆದವರಲ್ಲಿ ಶೇ. 44.7. ಈ ಎರಡನೆಯ ಅಂಕೆಯನ್ನು ಓದುಗರು ಲಕ್ಷಿಸಬೇಕು: ಕಾಲಕ್ರಮದಲ್ಲಿ ತಾನಾಗಿಯೂ ಶಮನವಾಗುವ ನೋವಿನಲ್ಲಿ, ಹೋಲಿಕೆಯಿಲ್ಲದ ಯಾವ ಪ್ರಶಂಸೆಗೂ ಬೆಲೆಯಿಲ್ಲ.

ಹಿಮ್ಮಡಿಯೆಲುಬಿನ ಮುಳ್ಳನ್ನು ಅಲೆಯು ಪುಡಿಮಾಡುವುದೆಂದು ಜನರು ಈಗಲೂ ನಂಬುವುದುಂಟು, ಅದು ಸಲ್ಲದು. ಮುಳ್ಳಿದ್ದೂ ನೋವಿಲ್ಲದವರು ಅನೇಕರು. ನೋವಿರುವವರಲ್ಲಿ ಅಂಗಾಲಿನ ತಂತುಪಟಲವು ಎಲುಬಿಗಂಟುವ ಎಡೆಯಲ್ಲಿ ಉರಿಯೂತಕ್ಕಿಂತ ಹೆಚ್ಚಾಗಿ ಅಂಗಾಂಶದ ಜೀರ್ಣತೆಯೇ ಕಾಣುವುದೆಂದು ಲೆಮಾಂಟ್ ಮತ್ತು ಸಂಗಡಿಗರು 2003ರಲ್ಲಿ ಶಸ್ತ್ರಚಿಕಿತ್ಸೆಯ ಮಾದರಿಗಳಿಂದ ನಿರೂಪಿಸಿದರು. ಅದೇ ವರ್ಷ ತೈವಾನಿನ ವಾಂಗ್ ಮತ್ತು ಸಂಗಡಿಗರು, ಸ್ನಾಯುರಜ್ಜುವೂ ಎಲುಬೂ ಸೇರುವಲ್ಲಿ ಅಲೆಗಳಿಂದ ಹೊಸ ರಕ್ತನಾಳಗಳು ಮೂಡುವುದನ್ನು ಪ್ರಾಣಿಗಳಲ್ಲಿ ಕಂಡರು. ಈ ಎರಡನ್ನೂ ಕೂಡಿಸಿ ನೋಡಿದರೆ, ಅಲೆಯ ಬಡಿತವು ಹಳಸಿದ ಅಂಗಾಂಶವನ್ನು ಮತ್ತೆ ದುರಸ್ತಿಗೆ ಎಬ್ಬಿಸುವ ಪ್ರಚೋದನೆಯೆಂಬ ಊಹೆ ಯುಕ್ತವಾಗಿ ತೋರುತ್ತದೆ.

ಆದುದರಿಂದಲೇ ಈ ಚಿಕಿತ್ಸೆಯನ್ನು ಮೊದಲ ದಿನವೇ ಕೇಳತಕ್ಕುದಲ್ಲ. ಮೀನಖಂಡವನ್ನೂ ಅಂಗಾಲನ್ನೂ ಎಳೆದು ಸಡಿಲಿಸುವ ವ್ಯಾಯಾಮ, ತಕ್ಕ ಪಾದರಕ್ಷೆ, ನಿಲುವಿನ ಹೊರೆಯನ್ನು ತಗ್ಗಿಸುವುದು, ಇವುಗಳನ್ನು ಸುಮಾರು ಆರು ತಿಂಗಳು ಶ್ರದ್ಧೆಯಿಂದ ಆಚರಿಸಿಯೂ ನೋವು ಬಿಡದವರಿಗೆ, ಶಸ್ತ್ರಕ್ರಿಯೆಗೆ ಮುನ್ನ ಇದು ಸಲ್ಲುತ್ತದೆ. ಗರ್ಭಿಣಿಯರಿಗೂ, ರಕ್ತಸ್ರಾವದ ರೋಗವುಳ್ಳವರಿಗೂ, ಅಲೆ ತಾಗುವೆಡೆಯಲ್ಲಿ ಅರ್ಬುದವಿರುವವರಿಗೂ ಸಲ್ಲದು. ಅಲೆಯೊಂದನ್ನೇ ನೆಚ್ಚಿ ವ್ಯಾಯಾಮವನ್ನು ತೊರೆಯುವುದೂ ಸರಿಯಲ್ಲ, ಎರಡೂ ಜೊತೆಗೂಡಬೇಕು: ಹಿಮ್ಮಡಿಯ ಮೇಲಣ ಅಕಿಲಿಸ್ ರಜ್ಜುವಿನ ನೋವಿನಲ್ಲಿ ಬರಿಯ ವ್ಯಾಯಾಮ ಮಾಡಿದವರಿಗಿಂತ ಅದರೊಡನೆ ಅಲೆಯನ್ನೂ ಪಡೆದವರೇ ನಾಲ್ಕು ತಿಂಗಳಲ್ಲಿ ಹೆಚ್ಚು ಗುಣಕಂಡರೆಂದು 2009ರಲ್ಲಿ ರೋಂಪೆಯವರ ತಂಡವೇ ವರದಿಮಾಡಿತು.