ತೀಮಾರ್‌ದಾರರ ಚರಿತ್ರೆ

ಉರ್ದುವಿನಲ್ಲಿ ಎರಡು ಮಾತುಗಳಿವೆ. ರೋಗಿಯನ್ನು ನೋಡಿ, ನಾಲ್ಕು ಸಮಾಧಾನದ ಮಾತಾಡಿ ಬರುವುದು 'ಇಯಾದತ್'. ಪಕ್ಕದಲ್ಲೇ ಉಳಿದು ಗಂಜಿ ಕುಡಿಸಿ, ಮೈ ಒರೆಸಿ, ರಾತ್ರಿಯೆಲ್ಲ ಎದ್ದು ಕೂರುವುದು 'ತೀಮಾರ್‌ದಾರಿ'. ಕನ್ನಡದಲ್ಲಿ ಇದಕ್ಕೆ ಆರೈಕೆ, ಶುಶ್ರೂಷೆ ಎನ್ನುತ್ತೇವೆ. ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ಈ ಕೆಲಸ ಮಾಡುವವರಿಗೆ ಇರುವ ಹೆಸರು 'ಪೇಷೆಂಟ್ ಕಡೆಯವರು'. ಹೆಸರಿನಲ್ಲೇ ಅವರನ್ನು ಒಂದು ಕಡೆ ನಿಲ್ಲಿಸಿಬಿಟ್ಟಿದ್ದೇವೆ. ಆಸ್ಪತ್ರೆಗಳ ಇತಿಹಾಸ ಬರೆಯುವವರು ಶಂಕುಸ್ಥಾಪನೆ ಮಾಡಿದವರನ್ನು, ದಾನಿಗಳನ್ನು, ಹೆಸರಾಂತ ವೈದ್ಯರನ್ನು ನೆನೆಯುತ್ತಾರೆ. ಮಂಚದ ಕೆಳಗೆ ಚಾಪೆ ಹಾಸಿ ಮಲಗಿದ ತಾಯಿ ಅದರಲ್ಲಿ ಬರುವುದಿಲ್ಲ.

ಬೆಂಗಳೂರಿನ ಬಿನ್ನಿಪೇಟೆಗೆ ಹೆಸರು ಬಂದದ್ದು ಬಿನ್ನಿ ಮಿಲ್ಲಿನಿಂದ. 1884ರಲ್ಲಿ ಶುರುವಾದ ಬಟ್ಟೆ ಗಿರಣಿಯನ್ನು ಮುಂದೆ ಬಿನ್ನಿ ಕಂಪನಿ ವಹಿಸಿಕೊಂಡಿತು. ಸುತ್ತಲಿನ ಓಣಿಗಳಲ್ಲಿ ಕಾರ್ಮಿಕರ ಸಂಸಾರಗಳು ಬೆಳೆದವು. ಮಗುವಿಗೆ ಜ್ವರ ನೆತ್ತಿಗೇರಿದರೆ ಅದನ್ನು ಹೆಗಲಿಗೆ ಹಾಕಿಕೊಂಡು ಕಾಟನ್‌ಪೇಟೆಯಲ್ಲಿ ಹಜರತ್ ತವಕ್ಕಲ್ ಮಸ್ತಾನರ ದರ್ಗಾ ದಾಟಿ ಮಾರ್ಕೆಟ್ ಕಡೆಗೆ ನಡೆದರೆ ಸಿಗುವುದು 1900ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆ, ಅದರ ಪಕ್ಕದಲ್ಲೇ ಹೆಂಗಸರು ಮಕ್ಕಳಿಗೆಂದು 1935ರಲ್ಲಿ ಬಂದ ವಾಣಿವಿಲಾಸ.

ಆಸ್ಪತ್ರೆಯೆಂದರೆ ನಮ್ಮ ಹಿರಿಯರಿಗೆ ಮೊದಲು ಭಯವಿತ್ತು. ಅದಕ್ಕೆ ಕಾರಣವೂ ಇತ್ತು. 1898ರ ಪ್ಲೇಗಿನಲ್ಲಿ ರೋಗಿಗಳನ್ನು ಮನೆಯವರಿಂದ ಬೇರ್ಪಡಿಸಿ ಕ್ಯಾಂಪುಗಳಿಗೆ ಸಾಗಿಸುತ್ತಿದ್ದರು. ಸಾವಿಗಿಂತ ಈ ಅಗಲಿಕೆಗೇ ಜನ ಹೆದರಿ ಕಾಯಿಲೆ ಮುಚ್ಚಿಟ್ಟರು. ಇಪ್ಪತ್ತು ವರ್ಷದ ನಂತರ, 1918ರ ಇನ್‌ಫ್ಲುಯೆಂಜಾದಲ್ಲಿ, ಚಿತ್ರ ಬೇರೆ. ಮನೆಮಂದಿಯೆಲ್ಲ ಒಟ್ಟಿಗೇ ಹಾಸಿಗೆ ಹಿಡಿದಾಗ ನೀರು ಕೊಡಲೂ ಯಾರಿಲ್ಲ. ಆಗ ಬೆಂಗಳೂರಿನಲ್ಲಿ ಸ್ವಯಂಸೇವಕರು ಬೀದಿ ಬೀದಿ ತಿರುಗಿ ಗಂಜಿ, ಔಷಧಿ ಹಂಚಿದರು. ರೋಗಿಯನ್ನು ಮನೆಯಿಂದ ಕೀಳುವ ಬದಲು ಆರೈಕೆಯೇ ಮನೆಗೆ ಹೋಯಿತು. ನಮ್ಮೂರಿನ ತೀಮಾರ್‌ದಾರರ ಚರಿತ್ರೆಯನ್ನು ಯಾರಾದರೂ ಬರೆದರೆ ಈ ಗಂಜಿಯಿಂದಲೇ ಆರಂಭಿಸಬೇಕೆಂದು ನಮಗನಿಸುತ್ತದೆ.

ಇತ್ತ ನಮಗೆ ಆಸ್ಪತ್ರೆ ಕಲಿಸಿದ ಇಂಗ್ಲೆಂಡಿನಲ್ಲಿ ಏನಾಗುತ್ತಿತ್ತು? 1949ರ ಒಂದು ಸಮೀಕ್ಷೆಯನ್ನು ಓದಿದರೆ ಎದೆ ಝಲ್ಲೆನ್ನುತ್ತದೆ. ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಮಕ್ಕಳನ್ನು ನೋಡಲು ಭಾನುವಾರ ಎರಡರಿಂದ ನಾಲ್ಕು ಗಂಟೆ ಮಾತ್ರ. ಸೇಂಟ್ ಥಾಮಸ್‌ನಲ್ಲಿ ಮೊದಲ ಒಂದು ತಿಂಗಳು ಭೇಟಿಯೇ ಇಲ್ಲ; ಮಗು ನಿದ್ದೆ ಹೋದ ಮೇಲೆ ಸಂಜೆ ಏಳರಿಂದ ಎಂಟರವರೆಗೆ ನೋಡಿ ಹೋಗಬಹುದು. ತಾಯಿ ಬಂದರೆ ಮಗು ಅಳುತ್ತದೆ, ಬರದಿದ್ದರೆ ಸುಮ್ಮನಿರುತ್ತದೆ ಎಂಬುದು ವಾದ. ಆ ಸುಮ್ಮನಿರುವಿಕೆ ನೆಮ್ಮದಿಯಲ್ಲ, ಹತಾಶೆ ಎಂದು ತೋರಿಸಿಕೊಟ್ಟವರು ಜೇಮ್ಸ್ ರಾಬರ್ಟ್‌ಸನ್. ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಬಾಲಕಿ ಲಾರಾಳನ್ನು ಕುರಿತ ಅವರ ಚಲನಚಿತ್ರ 1952ರಲ್ಲಿ ಬಂತು. 1959ರಲ್ಲಿ ಪ್ಲ್ಯಾಟ್ ಸಮಿತಿ ಹೆತ್ತವರಿಗೆ ಬಾಗಿಲು ತೆರೆಯಿರೆಂದಿತು. ಆದರೂ ಅನೇಕ ವಾರ್ಡುಗಳ ಬಾಗಿಲು ತೆರೆಯಲಿಲ್ಲ. ಕೊನೆಗೆ 1961ರಲ್ಲಿ ಲಂಡನ್ನಿನ ಬ್ಯಾಟರ್‌ಸೀ ಬಡಾವಣೆಯ ಕೆಲವು ತಾಯಂದಿರು ತಾವೇ ಸಂಘ ಕಟ್ಟಿ, ಸಮಿತಿಯ ಮಾತು ಜಾರಿಗೆ ಬರಲಿ ಎಂದು ಬೆನ್ನು ಹತ್ತಿದರು.

ನಮ್ಮಲ್ಲಿ ತಾಯಿಯನ್ನು ಹಾಗೆ ಹೊರಗಿಡಲಿಲ್ಲ. ಇದನ್ನು ಸಂಸ್ಕೃತಿಯ ಹಿರಿಮೆ ಎಂದು ಬೀಗುವವರಿದ್ದಾರೆ. ಅರ್ಧ ನಿಜ. ಇನ್ನರ್ಧ, ದಾದಿಯರ ಕೊರತೆ. ಒಬ್ಬ ನರ್ಸ್ ಒಂದಿಡೀ ವಾರ್ಡು ನೋಡಬೇಕಾದಾಗ ತಾಯಿ ಸಂಬಳವಿಲ್ಲದ ನರ್ಸಾಗುತ್ತಾಳೆ. ಅವಳಿಗೆ ಮಲಗಲು ಜಾಗ, ಊಟ, ಸ್ನಾನ ಯಾರ ಲೆಕ್ಕದಲ್ಲೂ ಇಲ್ಲ. ಅಲ್ಲಿ ನೆರವಾಗುವುದು ಪಕ್ಕದ ಮಂಚದ ತಾಯಿಯೇ. ಹದಿನೈದು ದಿನ ಮೊದಲು ಬಂದವಳು ಹೊಸಬಳಿಗೆ ರಕ್ತದ ಚೀಟಿ ಎಲ್ಲಿ ಕೊಡಬೇಕು, ಬಿಸಿನೀರು ಎಲ್ಲಿ ಸಿಗುತ್ತದೆ ಎಂದು ಹೇಳಿಕೊಡುತ್ತಾಳೆ. ಕನ್ನಡ ತಡವರಿಸುವ ಉರ್ದುವಿನ ತಾಯಿಗೆ ಡಾಕ್ಟರ ಮಾತನ್ನು ತಿಳಿಹೇಳುವವಳೂ ಅವಳೇ. "ಆಪಾ, ನೀವು ನಮಾಜ್ ಮುಗಿಸಿ ಬನ್ನಿ, ಮಗು ನಾನು ನೋಡ್ಕೋತೀನಿ" ಎಂಬ ಮಾತು ಆ ವಾರ್ಡುಗಳಲ್ಲಿ ಹೊಸದಲ್ಲ.

ಥಲಸ್ಸೇಮಿಯಾದಂಥ ಕಾಯಿಲೆಯಲ್ಲಿ ಈ ನಂಟು ಇನ್ನೂ ಗಟ್ಟಿ. ಎರಡು ಮೂರು ವಾರಕ್ಕೊಮ್ಮೆ ರಕ್ತ ಏರಿಸಬೇಕಾದ್ದರಿಂದ ಅದೇ ತಂದೆತಾಯಿಗಳು ಅದೇ ಬೆಂಚಿನಲ್ಲಿ ವರ್ಷಗಟ್ಟಲೆ ಭೇಟಿಯಾಗುತ್ತಾರೆ. ದೇಶದ ಹಲವೆಡೆ ಪೋಷಕರ ಸಂಘಗಳು ಹುಟ್ಟಿದ್ದು ಹೀಗೆ. ಥಲಸ್ಸೇಮಿಯಾ, ಹಿಮೊಫಿಲಿಯಾ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೊಳಗೆ ಬಂದವು.

ವೈದ್ಯಶಾಸ್ತ್ರವೂ ತಡವಾಗಿ ಕಣ್ಣು ತೆರೆಯಿತು. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ, ತೂಕ ಕಡಿಮೆಯ ಕೂಸುಗಳನ್ನು ತಾಯಿಯ ಎದೆಗೇ ಕಟ್ಟಿದರು. ಕಾಂಗರೂ ಆರೈಕೆ ಎಂಬ ಆ ಪದ್ಧತಿಯನ್ನು ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ವಿಸ್ತಾರವಾಗಿ ನಡೆಸಿ ನೋಡಿದ್ದಾರೆ. 2017ರಲ್ಲಿ ಕೇಂದ್ರ ಸರಕಾರ, ನವಜಾತ ಶಿಶುಗಳ ಘಟಕದಲ್ಲಿ ಹೆತ್ತವರನ್ನು ಆರೈಕೆಯಲ್ಲಿ ಸೇರಿಸಿಕೊಳ್ಳಬೇಕೆಂದು ಮಾರ್ಗಸೂಚಿ ಹೊರಡಿಸಿತು.

ಆದರೆ ಸಂಬಳದ ಪ್ರಶ್ನೆ ಹಾಗೇ ಇದೆ. ಇಎಸ್‌ಐ ನಮ್ಮ ರಾಜ್ಯಕ್ಕೆ ಬಂದದ್ದು 1958ರಲ್ಲಿ. ಅದರ ಕಾಯಿಲೆ ಭತ್ಯೆ ಕಾರ್ಮಿಕ ತಾನೇ ಮಲಗಿದರೆ ಉಂಟು, ಮಗು ಮಲಗಿ ಅವನು ಪಕ್ಕ ಕೂತರೆ ಇಲ್ಲ. ಮಿಲ್ಲೂ ಹೋಯಿತು. ಆ ಜಾಗದಲ್ಲಿ ಬಹುಮಹಡಿ ವಸತಿಗಳು ಎದ್ದಿವೆ. ಸುತ್ತಲಿನ ಓಣಿಗಳಲ್ಲಿ ಆಟೋ ಓಡಿಸುವವರು, ಗಾರೆ ಕೆಲಸದವರು, ಮನೆಯಲ್ಲೇ ಅಗರಬತ್ತಿ ಹೊಸೆಯುವ ಹೆಂಗಸರು ಇದ್ದಾರೆ. ಸರಕಾರದ ಆರೋಗ್ಯ ಕಾರ್ಡು ಮಗುವಿನ ಚಿಕಿತ್ಸೆಯ ಖರ್ಚು ನೋಡಿಕೊಂಡೀತು. ಹತ್ತು ದಿನ ವಾರ್ಡಿನ ಹೊರಗೆ ಕಾದ ತಂದೆಯ ಕೂಲಿಗೆ ಅದರಲ್ಲಿ ಕಾಲಮ್ಮಿಲ್ಲ. ಆ ಹತ್ತು ದಿನ ಮನೆಯಲ್ಲಿ ಉಳಿದ ಮಕ್ಕಳಿಗೆ ಅನ್ನ ಹಾಕಿದವರು ನೆರೆಮನೆಯವರು.