‘ಎಲ್ಲಿ ಇಡಲಿ?’ ಅನ್ನೋ ಪ್ರಶ್ನೆಯ ಇತಿಹಾಸ

ಇವತ್ತಿನ ವಿಷಯ ‘ಸೇವ್ ಆ್ಯಸ್’. ಫೈಲಿಗೆ ಏನು ಹೆಸರು, ಯಾವ ಫೋಲ್ಡರ್‌ನಲ್ಲಿ ಇಡಲಿ ಅಂತ ಕೇಳೋ ಆ ಪುಟ್ಟ ಕಿಟಕಿ ಇದೆಯಲ್ಲ, ಅದೇ. ಅದಕ್ಕೆ ನಲವತ್ತು ವರ್ಷಕ್ಕೂ ಹೆಚ್ಚಿನ ಚರಿತ್ರೆ ಇದೆ. ಈಗ ಅದು ಸದ್ದಿಲ್ಲದೆ ಹಿಂದೆ ಸರೀತಾ ಇದೆ. ಹೋದರೆ ಹೋಗಲಿ ಬಿಡಿ ಅನ್ನೋ ಮೊದಲು ಅದು ಬಂದಿದ್ದು ಹೇಗೆ ಅಂತ ನೋಡೋಣ.

ಮೊದಲಿಗೆ ಈ ಪ್ರಶ್ನೆ ಹುಟ್ಟಿದ್ದು ಬಳಕೆದಾರರ ಸ್ವಾತಂತ್ರ್ಯಕ್ಕಾಗಿ ಅಲ್ಲ, ಯಂತ್ರದ ಬಡತನದಿಂದ. 1981ರ ಮೊದಲ ಎಂಎಸ್-ಡಾಸ್‌ನಲ್ಲಿ ಫೋಲ್ಡರ್ ಅನ್ನೋದೇ ಇರಲಿಲ್ಲ. ‘ಎಲ್ಲಿ’ ಅಂದರೆ ಯಾವ ಫ್ಲಾಪಿ, ಎ ಅಥವಾ ಬಿ, ಅಷ್ಟೇ. 1983ರಲ್ಲಿ ಐಬಿಎಂ ಪಿಸಿ ಎಕ್ಸ್‌ಟಿ 10 ಎಂಬಿ ಹಾರ್ಡ್ ಡಿಸ್ಕ್ ಜೊತೆ ಬಂತು. ಅದರ ಜೊತೆಗೇ ಬಂದ ಡಾಸ್ 2.0 ಫೋಲ್ಡರ್ ಒಳಗೆ ಫೋಲ್ಡರ್ ಇಡೋಕೆ ಅವಕಾಶ ಕೊಟ್ಟಿತು. ಎ, ಬಿ ಎರಡೂ ಫ್ಲಾಪಿಗೆ ಮೀಸಲಾಗಿದ್ದರಿಂದ ಹಾರ್ಡ್ ಡಿಸ್ಕ್‌ಗೆ ಸಿ ಸಿಕ್ಕಿತು. ಫ್ಲಾಪಿ ಸತ್ತು ಎಷ್ಟೋ ವರ್ಷ ಆಯ್ತು, ನಾವು ಇವತ್ತಿಗೂ ‘ಸಿ ಡ್ರೈವ್’ ಅಂತಾನೇ ಹೇಳ್ತೀವಿ!

1984ರ ಮ್ಯಾಕಿಂಟಾಷ್ ಕಥೆ ಇನ್ನೂ ಮಜಾ. ಪರದೆ ಮೇಲೆ ಚೆಂದದ ಫೋಲ್ಡರ್ ಚಿತ್ರಗಳು. ಆದರೆ 400 ಕೆಬಿಯ ಆ ಫ್ಲಾಪಿ ಒಳಗೆ ಫೋಲ್ಡರೇ ಇಲ್ಲ, ಎಲ್ಲ ಫೈಲುಗಳೂ ಒಂದೇ ಪಟ್ಟಿ. ಹಾಗಾಗಿ ಎರಡು ಬೇರೆ ಬೇರೆ ಫೋಲ್ಡರ್‌ನಲ್ಲಿ ಒಂದೇ ಹೆಸರಿನ ಫೈಲ್ ಇಡೋಕೆ ಆಗ್ತಿರಲಿಲ್ಲ. ಸೇವ್ ಮಾಡೋವಾಗ ಕಾಣ್ತಿದ್ದಿದ್ದು ಹೆಸರು ಬರೆಯೋ ಜಾಗ, ಜೊತೆಗೆ ಫ್ಲಾಪಿ ಹೊರಗೆ ತೆಗೆಯೋಕೆ ‘ಇಜೆಕ್ಟ್’ ಗುಂಡಿ. ನಿಜವಾದ ಫೋಲ್ಡರ್ ಬಂದಿದ್ದು 1985ರಲ್ಲಿ, ಎಚ್‌ಎಫ್‌ಎಸ್ ಜೊತೆ.

ವಿಂಡೋಸ್ ಲೋಕದಲ್ಲಿ ಬಹಳ ಕಾಲ ಒಂದೊಂದು ಪ್ರೋಗ್ರಾಂ ಈ ಕಿಟಕಿಯನ್ನ ತನಗೆ ತೋಚಿದ ಹಾಗೆ ಬರೆದುಕೊಳ್ತಿತ್ತು. 1992ರ ವಿಂಡೋಸ್ 3.1 ಎಲ್ಲರೂ ಹಂಚಿಕೊಳ್ಳೋಕೆ ಒಂದೇ ಕಿಟಕಿ ಕೊಟ್ಟಿತು. ಅದರ ಫೈಲ್ ಹೆಸರು ಕಾಮ್‌ಡಿಎಲ್‌ಜಿ.ಡಿಎಲ್‌ಎಲ್. ಒಂದು ಕಡೆ ಸೇವ್ ಮಾಡೋದು ಕಲಿತರೆ ಎಲ್ಲ ಕಡೆ ಕಲಿತ ಹಾಗೆ ಆಯ್ತು.

ಇದನ್ನ ವಿರೋಧಿಸಿದವರೂ ಇದ್ದರು, ಅವರ ವಾದದಲ್ಲಿ ಹುರುಳಿತ್ತು. ಅಲನ್ ಕೂಪರ್ 1995ರ ‘ಅಬೌಟ್ ಫೇಸ್’ ಪುಸ್ತಕದಲ್ಲಿ ಎತ್ತಿದ ತಕರಾರು ಸರಳ: ಬರೆದಿದ್ದು ಮೆಮೊರಿಯಲ್ಲಿದೆಯೋ ಡಿಸ್ಕ್‌ನಲ್ಲಿದೆಯೋ ಅನ್ನೋದು ಯಂತ್ರದ ತಲೆನೋವು, ಅದನ್ನ ಯಾಕೆ ಮನುಷ್ಯನ ತಲೆಗೆ ಕಟ್ಟಬೇಕು? 2006ರ ಗೂಗಲ್ ಡಾಕ್ಸ್ ತಾನೇ ಸೇವ್ ಮಾಡಿಕೊಳ್ತಿತ್ತು. 2007ರ ಐಫೋನ್ ಫೈಲುಗಳನ್ನೇ ಕಣ್ಣಿಂದ ಮರೆಮಾಡಿತು. ‘ಫೈಲ್ಸ್’ ಆ್ಯಪ್ ಬರೋಕೆ 2017 ಆಗಬೇಕಾಯ್ತು. ಕರೆಂಟ್ ಹೋದಾಗ ಅರ್ಧ ದಿನದ ಕೆಲಸ ಕಳೆದುಕೊಂಡವರಿಗೆ ಆಟೋಸೇವ್‌ನ ಬೆಲೆ ಗೊತ್ತು. ಅದನ್ನ ನಾನು ಅಲ್ಲಗಳೆಯಲ್ಲ.

ಆದರೆ ಇಲ್ಲಿ ಎರಡು ಪ್ರಶ್ನೆ ಕಲಸಿ ಹೋಗಿವೆ. ‘ಸೇವ್ ಮಾಡಲಾ?’ ಅನ್ನೋದು ಯಂತ್ರದ ಪ್ರಶ್ನೆ, ಅದು ಹೋಗಲಿ. ‘ಎಲ್ಲಿ ಇಡಲಿ?’ ಅನ್ನೋದು ಒಡೆತನದ ಪ್ರಶ್ನೆ. 2013ರ ಆಫೀಸ್ ತನ್ನ ಕ್ಲೌಡ್ ಜಾಗವನ್ನ ಮುಂದಕ್ಕೆ ತಂದಿತು. 2025ರಲ್ಲಿ ಮೈಕ್ರೋಸಾಫ್ಟ್, ವಿಂಡೋಸ್‌ನ ವರ್ಡ್‌ನಲ್ಲಿ ಹೊಸ ಡಾಕ್ಯುಮೆಂಟ್ ತಾನಾಗೇ ಕ್ಲೌಡ್‌ಗೆ ಹೋಗುತ್ತೆ ಅಂತ ಪ್ರಕಟಿಸಿತು. ಬೇಡ ಅಂದರೆ ನಾವೇ ಸೆಟ್ಟಿಂಗ್ ಹುಡುಕಿ ಬದಲಿಸಬೇಕು.

ನಮ್ಮಂಥವರಿಗೆ ಇದು ಬರೀ ತಾಂತ್ರಿಕ ವಿಷಯ ಅಲ್ಲ. ಪುಣೆಯಲ್ಲಿ ನಾನು ಕೆಲಸ ಮಾಡ್ತಿದ್ದ ಒಂದು ಕಂಪನಿಯಲ್ಲಿ ಹಾವೇರಿ ಕಡೆಯ ಗೆಳೆಯನೊಬ್ಬ ಇದ್ದ. ಊರಿನ ಹೊಲದ ಪಹಣಿ, ಅಪ್ಪನ ಆಸ್ಪತ್ರೆ ಕಾಗದ, ಹಳೇ ಸಂಬಳ ಚೀಟಿ ಎಲ್ಲ ಸ್ಕ್ಯಾನ್ ಮಾಡಿ ಲ್ಯಾಪ್‌ಟಾಪ್‌ನ ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದ. ಆ ಡೆಸ್ಕ್‌ಟಾಪ್ ಕಂಪನಿಯ ಕ್ಲೌಡ್‌ಗೆ ಜೋಡಿಸಿದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಒಂದು ಶುಕ್ರವಾರ ಮಧ್ಯಾಹ್ನ ಅವನನ್ನ ಕೆಲಸದಿಂದ ತೆಗೆದರು, ಸಂಜೆಯೊಳಗೆ ಅಕೌಂಟ್ ಮುಚ್ಚಿತು. ಕಾಗದ ಅವನದು, ಬೀರುವಿನ ಬೀಗದ ಕೈ ಇನ್ಯಾರದೋ.

ವಿಚಿತ್ರ ಏನು ಗೊತ್ತಾ? ಇದೇ ಹಳೇ ಕಿಟಕಿಗೆ ಇನ್ನೊಂದು ಕಡೆ ಹೊಸ ಜೀವ ಬಂದಿದೆ. 2011ರ ಮ್ಯಾಕ್ ಓಎಸ್ ಲಯನ್‌ನಲ್ಲಿ ಸ್ಯಾಂಡ್‌ಬಾಕ್ಸ್ ಬಂದ ಮೇಲೆ, ಅದರೊಳಗೆ ಓಡೋ ಆ್ಯಪ್ ನಿಮ್ಮ ಫೈಲುಗಳನ್ನ ಮನಸ್ಸಿಗೆ ಬಂದ ಹಾಗೆ ಮುಟ್ಟೋ ಹಾಗಿಲ್ಲ. ಓಪನ್, ಸೇವ್ ಕಿಟಕಿಯನ್ನ ಸಿಸ್ಟಮ್ಮೇ ತೋರಿಸುತ್ತೆ. ನೀವು ಆರಿಸಿದ್ದಕ್ಕೆ ಮಾತ್ರ ಆ್ಯಪ್‌ಗೆ ಅನುಮತಿ. ಲಿನಕ್ಸ್‌ನ ಫ್ಲ್ಯಾಟ್‌ಪ್ಯಾಕ್‌ನ ‘ಪೋರ್ಟಲ್’ ಕೂಡ ಹೀಗೇ. ಜಾಗ ಆರಿಸೋದೇ ಅಪ್ಪಣೆ ಕೊಡೋದು ಅಂತ ಆಗಿದೆ.

ವಿಂಡೋಸ್ ವರ್ಡ್‌ನಲ್ಲಿ ಎಫ್12 ಒತ್ತಿ ನೋಡಿ. ಆ ಹಳೇ ಕಿಟಕಿ ಈಗಲೂ ನೇರ ತೆರೆಯುತ್ತೆ. ಫೋಲ್ಡರ್ ಹೆಸರಿನ ಮೇಲೆ ಒಂದು ಸಲ ಕಣ್ಣು ಹಾಯಿಸಿ, ಅದು ನಿಮ್ಮ ಜಾಗವೋ ಆಫೀಸಿನ ಜಾಗವೋ ಅಂತ. ಪಹಣಿ, ಫಾರ್ಮ್ 16, ಮಕ್ಕಳ ಫೋಟೋ ಇವೆಲ್ಲ ಈ ವಾರವೇ ಸ್ವಂತ ಡಿಸ್ಕ್‌ಗೆ ಬರಲಿ.